ಉಪ್ಪಿನ ಡಬ್ಬಿಯ ಚಪ್ಪಟೆ ಚಮಚ

ಉಪ್ಪಿನ ಡಬ್ಬಿಯೊಳಗೆ ಸದಾ ಬಿದ್ದಿರುವ ಚಮಚವನ್ನು ನೀವು ಎಂದಾದರೂ ಕಣ್ಣಿಟ್ಟು ನೋಡಿದ್ದೀರಾ? ನೋಡಿರುವುದಿಲ್ಲ. ಕೈ ತಾನಾಗಿ ಹೋಗುತ್ತದೆ, ಎರಡು ಸಲ ಎತ್ತಿ ಹಾಕುತ್ತದೆ, ಮುಗಿಯಿತು. ನಮ್ಮ ಮನೆಯಲ್ಲೂ ಯಾರೂ ನೋಡಲಿಲ್ಲ. ನನಗೆ ಅನುಕೂಲವಾದದ್ದೇ ಅದು.

ವಿಜಯವಾಡದ ಭವಾನಿಪುರಂನಲ್ಲಿ ಮಗನ ಮನೆ. ಅವನಿಗೆ ಬಿಪಿ ಬಂತು. ಉಪ್ಪು ಕಮ್ಮಿಯೆಂದರೆ ತಟ್ಟೆ ಸರಿಸಿ ಏಳುವ ಗಂಡಸು. ಕನ್ನಡದಲ್ಲಿ ನಾಲ್ಕನೇ ಕ್ಲಾಸು ಓದಿದ ನಾನು ಯಾರನ್ನೂ ಕೇಳದೆ ಆ ಚಮಚವನ್ನು ಕಲ್ಲಿನ ಮೇಲಿಟ್ಟು, ನಾಲಿಗೆಗೆ ಗೊತ್ತಾಗದ ಹಾಗೆ ವಾರಕ್ಕೊಂದು ಏಟು ಹಾಕಿ ಚಪ್ಪಟೆ ಮಾಡಿದೆ. ಸೊಸೆ ಎಂದಿನಂತೆ ಎರಡು ಚಮಚ ಹಾಕುತ್ತಿದ್ದಳು, ಬೀಳುತ್ತಿದ್ದದ್ದು ಒಂದರಷ್ಟು.

ಆಮೇಲೆ ಮೊಮ್ಮಗಳಿಗೆ ವಿಶಾಖಪಟ್ಟಣದಲ್ಲಿ ಕೆಲಸವಾಯಿತು. ಅವಳಿಗೆ ಬೇಯಿಸಿ ಹಾಕಲೆಂದು ನಾನೂ ಎಂವಿಪಿ ಕಾಲೋನಿಯ ಫ್ಲಾಟಿಗೆ ಬಂದೆ, ಉಪ್ಪಿನ ಡಬ್ಬಿ ಸಮೇತ. ಅತ್ತ ವಿಜಯವಾಡದಲ್ಲಿ ಸೊಸೆ ಹೊಸ ಚಮಚ ತಂದಳು, ಅದೇ ಎರಡು ಹಾಕಿದಳು, ಅಡುಗೆಯೆಲ್ಲ ಉಪ್ಪುಪ್ಪು. "ಅಮ್ಮ ಹೋದ ಮೇಲೆ ನಿನ್ನ ಕೈಯೇ ಕೆಟ್ಟಿತು" ಎಂದು ಮಗನದು ದಿನಾ ಬೈಗುಳ. ಅವಳು ಫೋನಿನಲ್ಲಿ ಅತ್ತಳು. "ಕೈಗೆ ಹಿಡಿತ ಇರಬೇಕಮ್ಮಾ" ಎಂದು ಬುದ್ಧಿ ಹೇಳಿದವಳು ನಾನೇ. ಫೋನಿಟ್ಟು ಅಡುಗೆಗೆ ನಿಂತಾಗ ಚಪ್ಪಟೆ ಚಮಚ ಕಣ್ಣಿಗೆ ಬಿತ್ತು, ಕೆಟ್ಟದ್ದು ಯಾರ ಕೈಯಿಂದ ಎಂದು ಹೊಳೆಯಿತು. ಆಗಲೂ ಹೇಳಲಿಲ್ಲ. ಅಂದಿನಿಂದ ಕೂತಲ್ಲಿ ಕೂರಲಾರೆ. ಮಂಡಿನೋವಿನ ಮೇಲೆ ದೂರು ಹಾಕಿ ನಡುಮನೆಗೂ ಬಾಲ್ಕನಿಗೂ ತಿರುಗುತ್ತೇನೆ.

ಮೊನ್ನೆ ಬೆಳಿಗ್ಗೆ ನನ್ನ ದಾರಿಗೆ ಅಡ್ಡಲಾಗಿ ಮೊಮ್ಮಗಳೂ ತಿರುಗತೊಡಗಿದಳು. ಬಾಯಿ ಬಿಡಿಸಿದೆ. ಅವಳು ಬರೆಯುವ ಕಂಪ್ಯೂಟರ್ ಭಾಷೆಯೊಳಗೆ ಕೆಲವು ಹೆಸರುಗಳು ಮೊದಲೇ ಸಿದ್ಧವಾಗಿ ಕೂತಿರುತ್ತವಂತೆ, ಅಡುಗೆಮನೆಯ ಚಮಚದ ಹಾಗೆ, ಎಲ್ಲರ ಕೈಗೂ. ಅದರಲ್ಲೊಂದು, ಪಟ್ಟಿ ಬರೆಯುವಾಗ ಒಂದಕ್ಕೂ ಇನ್ನೊಂದಕ್ಕೂ ನಡುವೆ ಕಾಮಾ ಬರಬೇಕೆಂದು ಹೇಳುವಂಥದ್ದು. ಈ ಮಹಾತಾಯಿ ತನ್ನ ಪಟ್ಟಿ ಚಂದ ಕಾಣಲೆಂದು ಕಾಮಾ ತೆಗೆದು ಗೆರೆ ಬರುವ ಹಾಗೆ ತಿದ್ದಿದಳು. ಕೆಲಸ ಮುಗಿದ ಮೇಲೆ ಮೊದಲಿನಂತೆ ಮಾಡುವುದನ್ನು ಮರೆತಳು. ಆಮೇಲೆ ಅದನ್ನೇ ನಂಬಿ ಬರೆದ, ಜೊತೆಗೆ ಕೆಲಸ ಮಾಡುವ ಇನ್ನೊಬ್ಬ ಹುಡುಗಿಯ ಪಟ್ಟಿಯೆಲ್ಲ ಕೆಟ್ಟು, ಆ ಹುಡುಗಿ ಮ್ಯಾನೇಜರನಿಂದ ಬೈಸಿಕೊಳ್ಳುತ್ತಿದ್ದಾಳೆ.

"ಸುಮ್ಮನೆ ಸರಿಮಾಡಿಬಿಟ್ಟರೆ ಯಾರಿಗೂ ತಿಳಿಯಲ್ಲ, ನಾನಮ್ಮಾ." ಇಲ್ಲಿಯ ತೆಲುಗು ಮಕ್ಕಳ ಹಾಗೆ ನನ್ನನ್ನು ನಾನಮ್ಮ ಅನ್ನುತ್ತಾಳೆ, ಕೆಲಸವಾಗಬೇಕಾದಾಗ ಮಾತ್ರ ನಾನು ಅಜ್ಜಿ.

"ತಿದ್ದಿದವಳು ನೀನು, ಬೈಸಿಕೊಳ್ಳುವವಳು ಅವಳಾ? ಫೋನು ಮಾಡಿ ಹೇಳು" ಅಂದೆ. ಅಂದ ಕೂಡಲೇ ನನ್ನ ಮುಖ ನನಗೇ ಬಿಸಿಯಾಯಿತು. ಬಚ್ಚಿಡಲು ಆಗಲಿಲ್ಲ, ಚಮಚ ತಂದು ಅವಳ ಮುಂದೆ ಹಿಡಿದು ಎಲ್ಲ ಹೇಳಿದೆ.

ಬಿದ್ದು ಬಿದ್ದು ನಕ್ಕಳು. ನಕ್ಕು ಮುಗಿಸಿ, "ಅಮ್ಮಂಗೆ ಹೇಳಿದ್ದೀಯಾ? ಇಲ್ವಾ? ಹಾಗಾದ್ರೆ ಮೊದಲು ನೀನು ಮಾಡು, ಅಜ್ಜಿ" ಎಂದು ಫೋನು ಕೈಗಿಟ್ಟಳು.

ಮಾಡಿದೆ. ಸೊಸೆ ತೆಲುಗರ ಮನೆಯ ಹುಡುಗಿ, ನನ್ನೆದುರು ದನಿ ಎತ್ತಿದವಳಲ್ಲ. ಎಲ್ಲ ಕೇಳಿಸಿಕೊಂಡಳು. "ಅತ್ತಯ್ಯಾ, ಅವರು ಇಲ್ಲೇ ತಿಂಡಿಗೆ ಕೂತಿದ್ದಾರೆ. ಸ್ಪೀಕರ್ ಹಾಕ್ತೀನಿ. ಮೊದಲಿಂದ ಹೇಳಿ."

ಮೊದಲಿಂದ ಹೇಳಿದೆ, ಕೈಗೆ ಹಿಡಿತ ಇರಬೇಕೆಂದದ್ದನ್ನೂ ಬಿಡದೆ. ಇತ್ತ ಮೊಮ್ಮಗಳು ಬಾಲ್ಕನಿಗೆ ಹೋಗಿ ತನ್ನ ಫೋನು ಮಾಡಿದಳು.

ಈಗ ಉಪ್ಪಿನ ಡಬ್ಬಿಯ ಮೇಲೆ ಒಂದು ಚೀಟಿ ಅಂಟಿದೆ: ಈ ಚಮಚ ಅರ್ಧ. ಮೊಮ್ಮಗಳು ತೆಲುಗಿನಲ್ಲಿ ಬರೆದಿದ್ದಾಳೆ. ನನಗೆ ಓದಲು ಬಾರದು. ಅದು ನನಗಾಗಿ ಬರೆದದ್ದೂ ಅಲ್ಲ, ನನ್ನ ನಂತರ ಈ ಡಬ್ಬಿಗೆ ಕೈ ಹಾಕುವವರಿಗೆ.