ಮುಟ್ಟಬೇಡ ಎಂದೆ, ಮುಟ್ಟಬೇಡಿ ಎನ್ನಲಿಲ್ಲ

ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಪರದೇಶದ ಗಿರಾಕಿಗಳ ಪತ್ರವ್ಯವಹಾರ ನೋಡಿಕೊಳ್ಳುವುದು ನನ್ನ ಕೆಲಸ. ಸ್ಪೇನ್ ದೇಶದ ಗಿರಾಕಿ ಸಿಕ್ಕಿದ ವರ್ಷ ಮಾಲೀಕರು ನನ್ನನ್ನು ಸ್ಪ್ಯಾನಿಷ್ ಕಲಿಯಲು ಕಳಿಸಿದರು. ಪ್ರತಿ ಶನಿವಾರ ಬಸ್ಸು ಹತ್ತಿ ಕೊಯಮತ್ತೂರಿನ ಆರ್.ಎಸ್. ಪುರಂಗೆ ಹೋಗುತ್ತಿದ್ದೆ. ಪಾಠ ಹೇಳುವ ಮೇಡಂ ತುಂಬ ಕಟ್ಟುನಿಟ್ಟು.

ಏನಾದರೂ ಮಾಡಲು ಹೇಳುವಾಗ ದೊಡ್ಡವರಿಗೆ ಒಂದು ರೂಪ, ಸಲಿಗೆಯವರಿಗೆ ಇನ್ನೊಂದು ಎಂದು ಅವರು ಹೇಳಿದಾಗ ನಕ್ಕೆ. ನಮ್ಮ ಮನೆಯ ಕನ್ನಡದಲ್ಲೂ ಅದೇ ಇದೆ, ಬೀದಿಯ ತಮಿಳಿನಲ್ಲೂ ಇದೆ. ಆದರೆ ನಗು ಬೇಗ ಅಡಗಿತು. ‘ಎಸ್ಪೆರೆ’ ಎಂದರೆ ಕಾಯಿರಿ, ‘ಎಸ್ಪೆರಾ’ ಎಂದರೆ ಕಾಯು. ವ್ಯತ್ಯಾಸ ಒಂದು ಸ್ವರದ್ದು. ಬೇಡ ಎನ್ನುವಾಗ ಇನ್ನೂ ಕಷ್ಟ. ‘ನೊ ತೋಕೆ’ ಎಂದರೆ ಮುಟ್ಟಬೇಡಿ. ಕೊನೆಗೆ ಒಂದು ‘ಸ್’ ಸೇರಿದರೆ ಮುಟ್ಟಬೇಡ. ನಮ್ಮಲ್ಲಿ ಮರ್ಯಾದೆ ಕೊಟ್ಟರೆ ಮಾತು ಉದ್ದವಾಗುತ್ತದೆ, ಅಲ್ಲಿ ಮರ್ಯಾದೆ ತೆಗೆದರೆ ಉದ್ದವಾಗುತ್ತದೆ.

ಗಿರಾಕಿಯ ಕಡೆಯಿಂದ ಬಟ್ಟೆ ಪರೀಕ್ಷಿಸಲು ಅರವತ್ತು ದಾಟಿದ ಹಿರಿಯರೊಬ್ಬರು ಬರುತ್ತಾರೆಂದು ತಿಳಿಯಿತು. ಬನ್ನಿ, ಕೂರಿ, ನೋಡಿ, ಇವುಗಳ ಸ್ಪ್ಯಾನಿಷ್ ರೂಪವನ್ನೆಲ್ಲ ತಮಿಳು ಅಕ್ಷರದಲ್ಲಿ ಅಂಗೈ ಮೇಲೆ ಬರೆದುಕೊಂಡೆ. ಬೆವರಿಗೆ ಅದೂ ಅಳಿಸಿತು.

ಅವರು ಬಂದರು. ಮೊದಲ ಒಂದು ಗಂಟೆ ಎಲ್ಲೂ ತಪ್ಪಲಿಲ್ಲ. ಅವರೂ ನನ್ನೊಂದಿಗೆ ಬಹುವಚನದಲ್ಲೇ ಮಾತಾಡಿದರು. ಆಮೇಲೆ ಮಾಲೀಕರೂ ಸೇರಿ ಬಟ್ಟೆ ಕತ್ತರಿಸುವ ಹಾಲ್‌ಗೆ ಹೋದೆವು. ಒಂದರ ಮೇಲೊಂದು ಪೇರಿಸಿದ ಬಟ್ಟೆಯನ್ನು ಕೆಲಸಗಾರ ಯಂತ್ರದ ಅಲಗಿನ ಕಡೆಗೆ ತಳ್ಳುತ್ತಿದ್ದ. ಇವರು ಮಡಿಕೆ ಸರಿಯಿಲ್ಲವೆಂದು ತೋರಿಸಲು ನೇರ ಕೈ ಚಾಚಿದರು.

“ನೊ ತೋಕೆಸ್!”

ನಾನು ಕೂಗಿದ್ದು ಹಾಲ್‌ನ ಆ ತುದಿಗೂ ಕೇಳಿತು. ಕೆಲಸಗಾರ ಯಂತ್ರ ನಿಲ್ಲಿಸಿದ. ಹಿರಿಯರು ಕೈ ಹಿಂದಕ್ಕೆಳೆದು ನನ್ನನ್ನು ನೋಡಿದರು. ಆ ‘ಸ್’ ಮಾತ್ರ ನನ್ನ ಕಿವಿಯಲ್ಲಿ ಉಳಿಯಿತು. ಮಾಲೀಕರಿಗೆ ಸ್ಪ್ಯಾನಿಷ್ ಬರದು, ದನಿ ಅರ್ಥವಾಗಿತ್ತು. “ಎನ್ನಮ್ಮಾ, ವಂದವಂಗಳ ಇಪ್ಪಡಿಯಾ ಕತ್ತುರದು?” ಎಂದರು. ಬಂದವರ ಮೇಲೆ ಹೀಗಾ ಕೂಗೋದು ಎಂದು ಗದರಿದ್ದು ಅದು. ಆರ್ಡರ್ ಕೈತಪ್ಪಿದರೆ ಅದು ನನ್ನಿಂದಲೇ.

ಅವರು ಊಟಕ್ಕೆ ಹೋದಾಗ ಮೆಟ್ಟಿಲ ಕೆಳಗೆ ನಿಂತು ಅಮ್ಮನಿಗೆ ಫೋನ್ ಮಾಡಿದೆ. “ಅಮ್ಮಾ, ವಯಸ್ಸಾದೋರ್ನ ನೀನು ಅಂದ್ಬಿಟ್ಟೆ” ಎಂದು ನಡೆದುದನ್ನೆಲ್ಲ ಹೇಳಿದೆ.

ಅಮ್ಮ ಕೇಳಿದ್ದು ಒಂದೇ. “ಅವ್ರ ಕೈ ಐತಾ?”

“ಐತೆ.”

“ಅಪ್ಪುರಂ ಏನು ಕವಲೆ ನಿಂಗೆ? ಮೊದ್ಲು ಊಟ ಮಾಡು ಕಣ್ಣು.”

ಅಮ್ಮ ‘ಕಣ್ಣು’ ಎಂದು ಮುದ್ದಿನಿಂದ ಕರೆದರೂ ನನಗೆ ಚಿಂತೆ ಹೋಗಲಿಲ್ಲ, ಊಟವೂ ಇಳಿಯಲಿಲ್ಲ.

ಮೂರು ಗಂಟೆಗೆ ಹಿರಿಯರು ನನ್ನನ್ನು ಕರೆಸಿದರು. ಕ್ಷಮಿಸಿ ಎನ್ನಲು ಸರಿಯಾದ ರೂಪ ಹುಡುಕುತ್ತ ಬಾಗಿಲಲ್ಲಿ ನಿಂತೆ. “ಸಿಯೆಂತಾತೆ” ಎಂದರು. ಕೂತ್ಕೋ. ಬೆಳಗ್ಗೆಯಿಂದ ಇದ್ದ ಬಹುವಚನ ಹೋಗಿತ್ತು. ಇದು ಸಿಟ್ಟೋ ಸಲಿಗೆಯೋ ತಿಳಿಯದೆ ಕುರ್ಚಿಯ ಅಂಚಿಗೆ ಕೂತೆ. ಅವರು ಎಡಗೈಯನ್ನು ಮೇಜಿನ ಮೇಲಿಟ್ಟರು. ಕಿರುಬೆರಳಿನ ತುದಿ ಇರಲಿಲ್ಲ. ಹರೆಯದಲ್ಲಿ ತಮ್ಮ ಊರಿನ ಕಾರ್ಖಾನೆಯಲ್ಲಿ ಇಂಥದೇ ಯಂತ್ರಕ್ಕೆ ಸಿಕ್ಕಿದ್ದಂತೆ. “ಆವತ್ತು ಯಾರೂ ಕೂಗಲಿಲ್ಲ,” ಎಂದರು, ನನಗೆ ಅರ್ಥವಾಗುವಷ್ಟು ನಿಧಾನವಾಗಿ. ಪಕ್ಕದಲ್ಲಿದ್ದ ಮಾಲೀಕರಿಗೆ ಅದನ್ನು ತಮಿಳಿನಲ್ಲಿ ಹೇಳಿದೆ.

ಆರ್ಡರ್ ಉಳಿಯಿತು. ಈಗ ಅವರು ಮೇಲ್‌ನಲ್ಲಿ ನನಗೆ ಏಕವಚನದಲ್ಲೇ ಬರೆಯುತ್ತಾರೆ, ನನಗೂ ಹಾಗೇ ಬರೆಯೆಂದು ಎರಡು ಸಲ ಹೇಳಿದ್ದಾರೆ. ನನ್ನಿಂದಾಗಿಲ್ಲ. ಕಳಿಸುವ ಮೊದಲು ಪ್ರತಿ ಕ್ರಿಯಾಪದದ ಕೊನೆಯ ಅಕ್ಷರವನ್ನು ಮೂರು ಸಲ ಓದುತ್ತೇನೆ.