ಹಸೀನಮ್ಮನ ಕೊಸರು, ಕಾರ್ಡಿನ ಪಾಯಿಂಟು

ನ್ಯಾಮತಿಯಲ್ಲಿ ಮನೆ ಇಟ್ಟುಕೊಂಡು, ಒಂದು ಕಟ್ಟು ಕೊತ್ತಂಬರಿಗಾಗಿ ಬಸ್ಸು ಹತ್ತಿ ಹೊನ್ನಾಳಿಗೆ ಹೋಗುವ ಮನುಷ್ಯನನ್ನು ನೀವು ನೋಡಿಲ್ಲವಾದರೆ, ನಮಸ್ಕಾರ, ಅವನು ನಾನೇ.

ಹೊನ್ನಾಳಿಯ ಹೊಸ ಮಾರ್ಟಿನಲ್ಲಿ ಕ್ರೆಡಿಟ್ ಕಾರ್ಡು ಉಜ್ಜುತ್ತಾರೆ. ಉಜ್ಜಿದರೆ ಪಾಯಿಂಟು. ಪಾಯಿಂಟು ಕೂಡಿದರೆ ಬಹುಮಾನ. ಅದೃಷ್ಟ ಇದ್ದರೆ ಲಕ್ಕಿ ಡ್ರಾದಲ್ಲಿ ಕಾರು. ಕಾರು ಬಂದರೆ ನಿಲ್ಲಿಸಲು ಜಾಗ ಬೇಕಲ್ಲ ಎಂದು ಅಂಗಳದ ದಾಸವಾಳದ ಗಿಡ ಕಡಿಯಲು ಹೊರಟೆ. ನನ್ನ ಹೆಂಡತಿ ಸರೋಜ ಅಡ್ಡ ನಿಂತಳು. "ಮೊದ್ಲು ಬಸ್ ಚಾರ್ಜಿಗೆ ಎಷ್ಟು ಪಾಯಿಂಟ್ ಕೊಡ್ತಾರೆ ಕೇಳ್ಕೊಂಡು ಬರ್ರಿ. ನನ್ನ ಕಳಿಸಿದ್ರೆ ಹೆಂಗಸ್ರ ಫ್ರೀ ಬಸ್ಸಲ್ಲಿ ಪುಕ್ಕಟೆನಾದ್ರೂ ಹೋಗಿ ಬರ್ತಿದ್ದೆ."

ಅಲ್ಲಿಯವರೆಗೆ ನಮ್ಮ ತರಕಾರಿ ಬರುತ್ತಿದ್ದದ್ದು ಬಸ್ ಸ್ಟ್ಯಾಂಡ್ ಪಕ್ಕದ ಹಸೀನಮ್ಮನಿಂದ. ಆಕೆ ತೂಕ ಮುಗಿಸಿ, ಚೀಲ ಕೊಡುವ ಮುನ್ನ, ಎತ್ತಲೋ ನೋಡುತ್ತ ಒಂದು ಹಿಡಿ ಮೆಣಸಿನಕಾಯಿ, ಒಂದಿಷ್ಟು ಕರಿಬೇವು ಅದರೊಳಗೆ ಒಗೆಯುತ್ತಿದ್ದಳು. ಕೊಸರು! ಒಂದು ಹಿಡಿ ಅಂದೆನೇ? ನಾಲ್ಕೇ ಕಾಯಿ ಇದ್ದಿರಬಹುದು. ಇದನ್ನು ಹೇಳಿದಾಗಲೆಲ್ಲ ನನ್ನ ನೆನಪು ತನ್ನ ಕಡೆಯಿಂದ ಇನ್ನೆರಡು ಸೇರಿಸುತ್ತದೆ. ಅದರ ತಕ್ಕಡಿಯನ್ನು ನಾನಂತೂ ನಂಬುವುದಿಲ್ಲ.

ಕೊನೆಗೆ ಪಾಯಿಂಟುಗಳು ಮಾಗಿದವು. ಕಾರು ಬರಲಿಲ್ಲ, ಅಡುಗೆಮನೆಯಲ್ಲಿಡುವ ಪುಟ್ಟ ತೂಕದ ಮಿಷನ್ ಬಂತು. ತೂಗಲು ಏನಾದರೂ ಬೇಕಲ್ಲ? ಹೊನ್ನಾಳಿಯ ಹುಮ್ಮಸ್ಸೂ ಇಳಿದಿತ್ತು. ಮೆಲ್ಲಗೆ ಹಸೀನಮ್ಮನ ಮುಂದೆ ಹೋಗಿ ನಿಂತೆ.

"ಏನ್ ಸಾಹೇಬ್ರು ಇತ್ಲಾಗೆ? ನಮ್ಮತ್ರ ಕಾರ್ಡು ಉಜ್ಜಾಕೆ ಆಗಲ್ರಿ. ಬೇಕಾದ್ರೆ ಈ ಬದನೆಕಾಯಿ ಉಜ್ಜಿ ನೋಡ್ರಿ, ಹೊಳಪು ಬರ್ತೈತೆ."

ಪಕ್ಕದ ಬಾಳೆಹಣ್ಣಿನವನು ನಕ್ಕ. ಹಸೀನಮ್ಮ ಒಂದು ಕೆಜಿ ಬದನೆಕಾಯಿ ತೂಗಿ ಕೊಟ್ಟಳು. ನಾನು ಚೀಲದ ಬಾಯಿ ತೆರೆದುಕೊಂಡೇ ನಿಂತೆ.

"ಇನ್ನೇನ್ ಬೇಕ್ರಿ?"

ಏನೂ ಇಲ್ಲ ಎಂದೆ. ಕೊಸರು ಕೇಳಿ ಪಡೆಯುವವರಿದ್ದಾರೆ. ನನಗೆ ಕೇಳದೆಯೇ ಬೀಳುತ್ತಿತ್ತು ಎಂಬುದೇ ನನ್ನ ಜಂಬವಾಗಿತ್ತು.

ಮನೆಯಲ್ಲಿ ಮಿಷನ್ ಮೇಲಿಟ್ಟರೆ ಸರಿಯಾಗಿ ಒಂದು ಕೆಜಿ. ನ್ಯಾಯವಾದ ತೂಕ ಇಷ್ಟು ನೋಯಿಸುತ್ತದೆಂದು ಗೊತ್ತಿರಲಿಲ್ಲ. ಮರುದಿನ ಸರೋಜ ಅದೇ ಹಸೀನಮ್ಮನಿಂದ ತಂದ ಚೀಲ ತೂಗಿದೆ. ಒಂದು ಕೆಜಿ, ಅದರ ಮೇಲೆ ಮೆಣಸಿನಕಾಯಿ, ಕರಿಬೇವು, ಸಾಲದ್ದಕ್ಕೆ ನಿಂಬೆಹಣ್ಣು!

ಆಗ ಕೂತು ಯೋಚಿಸಿದೆ. ಕೊಸರು ಕೊಂಡ ಮೇಲೆ ಬರುತ್ತದೆ. ಪಾಯಿಂಟು ಕೊಳ್ಳುವ ಮೊದಲೇ ಬಂದು ಕೈಹಿಡಿದು ಎಳೆಯುತ್ತದೆ. ನಮ್ಮ ಮನೆಯ ಮೂರು ಇಸ್ತ್ರಿ ಪೆಟ್ಟಿಗೆಗಳಲ್ಲಿ ಎರಡು ಹಾಗೆ ಪಾಯಿಂಟಿನಾಸೆಗೆ ಕೊಂಡವು. ಕೊಸರಿನಾಸೆಗೆ ಹಸೀನಮ್ಮನ ಹತ್ತಿರ ಹೋಗುವುದೂ ಅದೇ ಚಪಲವಲ್ಲವೇ ಎಂದು ನೀವು ಕೇಳಬಹುದು. ಅದೇ. ಆದರೆ ಬದನೆಕಾಯಿ ಮನೆಗೆ ಹೇಗೂ ಬೇಕಿತ್ತು.

ಬಿಡದೆ ಹೋದೆ. ದಿನವೂ ನ್ಯಾಯವಾದ ತೂಕ. ಮೊನ್ನೆ ಚೀಲ ಕೊಡುವ ಮುನ್ನ ಹಸೀನಮ್ಮ ಎತ್ತಲೋ ನೋಡಿದಳು. ಏನೋ ಒಳಗೆ ಬಿತ್ತು.

"ಮಿಷನ್ ಮ್ಯಾಲೆ ಇಡಬ್ಯಾಡ್ರಿ ಮತ್ತೆ. ಸರೋಜಕ್ಕ ಎಲ್ಲಾ ಹೇಳ್ಯಾರೆ."

ಮನೆಗೆ ಬಂದು ಚೀಲ ಸುರಿದೆ. ಬದನೆಕಾಯಿಯ ನಡುವೆ ಎರಡು ಬಾಡಿದ ಮೆಣಸಿನಕಾಯಿ. ನೀವು ಇದನ್ನು ಓದುವ ಹೊತ್ತಿಗೆ ನಾಲ್ಕಾಗಿರುತ್ತವೆ.