ಟಗರಿಗೆ ಹಾಕುವ ಹುರುಳಿ

ನಿನ್ನ ಮಾವ ಹನ್ನೊಂದು ವರ್ಷ ದಿನವೂ ಬೆಳಿಗ್ಗೆ ಹಾಲಿನಲ್ಲಿ ಕದಡಿ ಕುಡಿದದ್ದು ಗಂಡಸಿನ ಪುಡಿ ಅಲ್ಲ, ಬಸವರಾಜ. ಹುರುಳಿ ಹಿಟ್ಟು. ಡಬ್ಬಿಯಲ್ಲಿದ್ದ ಪುಡಿಯನ್ನು ತಿಪ್ಪೆಗೆ ಸುರಿದು ಹಿಟ್ಟು ತುಂಬಿದವಳು ನಾನು. ನೀನು ಬಂದು ನೇರವಾಗಿ ಕೇಳಿದಾಗ ಸುಳ್ಳು ಹೇಳಿದವಳೂ ನಾನೇ.

ಮೂರನೆಯ ಕ್ಲಾಸಿಗೆ ಸಾಲಿ ಬಿಟ್ಟವಳು ನಾನು. ಅಕ್ಷರ ಕುರಿ ಹಿಕ್ಕೆಯ ಹಾಗೆ ಚೆಲ್ಲಾಡಿದ್ದರೆ ಹೊಂದಿಸಿಕೊಂಡು ಓದು. ಇನ್ನೊಬ್ಬರ ಕೈಲಿ ಬರೆಸಬಹುದಿತ್ತು. ಆದರೆ ಈ ಮಾತು ಇನ್ನೊಬ್ಬರ ಕೈ ದಾಟಿ ಬಂದರೆ ಅರ್ಧ ಅವರದಾಗುತ್ತದೆ. ಇದು ಪೂರಾ ನನ್ನದೇ ಇರಲಿ.

ನೀನು ನನ್ನ ತಮ್ಮನ ಮಗ, ಆಮೇಲೆ ನನ್ನ ಗಂಗಾಳ ಗಂಡ. ತೊಟ್ಟಿಲಲ್ಲಿ ನಿನ್ನ ಹೆಸರು ಕೂಗಿದ ಸೋದರತ್ತೆ ನಾನು. ಬೇರೆ ಅಳಿಯನಾಗಿದ್ದರೆ ಸೆರಗು ಹೊದ್ದು ಬಾಗಿಲ ಮರೆಗೆ ನಿಂತು ಮಾತಾಡುತ್ತಿದ್ದೆ, ನಿನಗೆ ಹಾಗಲ್ಲ. ಅದಕ್ಕೇ ನೀನು ನನ್ನನ್ನೇ ಕೇಳಿದೆ.

ಮೊದಲು ಹುರುಳಿಯ ಮಾತು ಮುಗಿಸುತ್ತೇನೆ. ಅದರಲ್ಲಿ ನನಗೆ ನಾಚಿಕೆ ಇಲ್ಲ.

ಆ ವರ್ಷ ನಿನ್ನ ಮಾವನಿಗೆ ಅರವತ್ತರ ಹತ್ತಿರ. ಉಣ್ಣೆ ಕತ್ತರಿಸುವ ದಿನ ಟಗರನ್ನು ಕೆಡವಲು ಹೋಗಿ ತಾನೇ ಬಿದ್ದ. ಹುಡುಗರು ನಕ್ಕರು. ಯಾರೋ ಒಬ್ಬ, ಗೋಣೆಪ್ಪಜ್ಜಗ ಇನ್ನ ಕುರಿ ಬ್ಯಾಡ, ಕೋಳಿ ಕೊಡ್ರಿ ಅಂದ. ಅಷ್ಟೇ. ಮನುಷ್ಯ ಎಂಟು ದಿನ ಸರಿಯಾಗಿ ಉಣ್ಣಲಿಲ್ಲ. ಹಾಸಿಗೆಯ ಮಾತೂ ಇತ್ತು — ಅದನ್ನೂ ಬರೆಯುತ್ತೇನೆ, ಆರು ಹೆತ್ತವಳಿಗೆ ಏನು ನಾಚಿಕೆ. ಅವನಿಗೆ ಆಗುತ್ತಿರಲಿಲ್ಲ, ನನಗೆ ಬೇಕಾಗಿರಲಿಲ್ಲ. ನನ್ನನ್ನು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕೇಳಲಿಲ್ಲ. ಕೊಟ್ಟೂರು ಸಂತೆಯಲ್ಲಿ ಡೇರೆ ಹಾಕಿ ಕೂತವನನ್ನು ಕೇಳಿದ.

ಅವನು ಕೊಟ್ಟ ಡಬ್ಬಿ ನಿನಗೆ ಗೊತ್ತು. ಮೇಲೆ ಕುದುರೆ, ಕುದುರೆಯ ಪಕ್ಕ ಎದೆ ಉಬ್ಬಿಸಿದ ಗಂಡಸು. ಅಶ್ವಗಂಧ, ಶಿಲಾಜಿತು, ನೆಗ್ಗಿಲು ಅಂತ ಬರೆದಿತ್ತು. ಗಂಡಸಿನ ಹಾರ್ಮೋನು ಹೆಚ್ಚಿಸುತ್ತದೆಯಂತೆ. ನೆಗ್ಗಿಲು ಎಂದರೆ ನಮ್ಮ ಗುಡೇಕೋಟೆಯ ಬದುವಿನಲ್ಲೆಲ್ಲ ಬಿದ್ದಿರುವ ಮುಳ್ಳು. ಕುರಿಯ ಗೊರಸಿಗೆ ಹೊಕ್ಕ ಅದನ್ನು ಸೂಜಿಯಿಂದ ಕಿತ್ತು ಕಿತ್ತು ನನ್ನ ಕಣ್ಣು ಮಂಜಾಗಿದೆ. ಅದನ್ನೇ ಡಬ್ಬಿಯಲ್ಲಿ ತುಂಬಿದರೆ ಗಂಡಸುತನ ಆಗುತ್ತದೆ ಎಂದರೆ ನಮ್ಮ ಕುರಿಗಳೆಲ್ಲ ಯಾವತ್ತೋ ಪೈಲ್ವಾನರಾಗಬೇಕಿತ್ತು.

ಹತ್ತು ದಿನ ತಿಂದ. ಮುಖ ಕೆಂಪಾಯಿತು. ತಲೆ ಸಿಡಿಯುತ್ತದೆ ಅಂದ, ಎದೆ ಡವಗುಟ್ಟುತ್ತದೆ ಅಂದ. ಮಾತಿಗೆ ಮುಂಚೆ ಕೈ ಎತ್ತುವುದು ಶುರುವಾಯಿತು. ಒಂದು ಮಧ್ಯಾಹ್ನ ಬುತ್ತಿ ಒಯ್ದರೆ ಬದುವಿನ ಮೇಲೆ ಎದೆ ಹಿಡಿದುಕೊಂಡು ಕೂತಿದ್ದಾನೆ.

“ಏನಾತು?” ಅಂದೆ.

“ಬಿಳಿ ಕುರಿ ಎಲ್ಲಾ ನೀಲಿ ಕಾಣತಾವಲ್ಲೇ” ಅಂದ.

ನೀಲಿ ಕುರಿ ಕಾಣುವ ಗಂಡನನ್ನು ಇಟ್ಟುಕೊಂಡು ನಾನು ಏನು ಮಾಡಲಿ? ಬಿಡು ಅಂದರೆ ಬಿಡುವ ಜಾತಿಯಲ್ಲ, ಇನ್ನೊಂದು ಡಬ್ಬಿ ತರುತ್ತಾನೆ. ಆಗ ನೆನಪಾದದ್ದು ಟಗರು. ಹಿಂಡಿಗೆ ಬಿಡುವ ಮೊದಲು ಟಗರಿಗೆ ನಾವು ಏನು ಹಾಕುತ್ತೇವೆ? ಹುರುಳಿ. ಒಂದು ತಿಂಗಳು ಹುರುಳಿ ತಿಂದ ಟಗರಿನ ಬೆನ್ನು ಮುಟ್ಟಿ ನೋಡು, ಬಂಡೆ. ಟಗರಿಗೆ ಆಗುವುದು ಅದರ ಯಜಮಾನನಿಗೂ ಆಗಲಿ ಅಂದುಕೊಂಡೆ. ಹುರುಳಿಯನ್ನು ಕಪ್ಪಾಗುವ ತನಕ ಹುರಿದು, ಒಣಶುಂಠಿ ಸೇರಿಸಿ, ಕಹಿ ಬರಲೆಂದು ಒಂದು ಹಿಡಿ ಮೆಂತ್ಯ ಹಾಕಿ, ಖಾಸಿಂಸಾಬನ ಗಿರಣಿಗೆ ಒಯ್ದೆ.

ಖಾಸಿಂಸಾಬ ಹಿಟ್ಟು ಮೂಗಿಗೆ ಹಿಡಿದು, “ಏನ್ ಬೇ ಮೈಲವ್ವ, ಟಗರಿಗೆ ಶುಂಠಿ ಯಾವಾಗಿಂದ?” ಅಂದ.

“ಎರಡು ಕಾಲಿನ ಟಗರು” ಅಂದೆ.

ಗಿರಣಿಯ ಕಂಬ ಹಿಡಿದುಕೊಂಡು ನಕ್ಕ ಮನುಷ್ಯ, ಆಮೇಲೆ ಹನ್ನೊಂದು ವರ್ಷ ಒಂದು ಪಿಟ್ಟೆನ್ನಲಿಲ್ಲ.

ನಿನ್ನ ಮಾವ ಹೊಸ ಡಬ್ಬಿ ತಂದಾಗಲೆಲ್ಲ ಪುಡಿ ತಿಪ್ಪೆಗೆ ಹೋಯಿತು, ಹಿಟ್ಟು ಡಬ್ಬಿಗೆ. ಮನುಷ್ಯ ಬದಲಾದ. ಸುಳ್ಳಲ್ಲ. ತಲೆಸಿಡಿತ ಹೋಯಿತು, ನಿದ್ದೆ ಬಂತು, ನಡಿಗೆ ಬಂತು. ಬೆಳಿಗ್ಗೆ ಹೊಟ್ಟೆಗೆ ಹಾಲು ಹಿಟ್ಟು ಬಿದ್ದರೆ ಯಾರಿಗೆ ಶಕ್ತಿ ಬರುವುದಿಲ್ಲ? ಮುಂದಿನ ವರ್ಷ ಟಗರನ್ನು ಕೆಡವಿದ. ಮೀಸೆ ಮೇಲಕ್ಕೆ ಹೋಯಿತು, ಕೈ ಎತ್ತುವುದು ಕೆಳಕ್ಕೆ ಬಂತು. ನಾನು ಗಂಡನನ್ನು ಉಳಿಸಿಕೊಂಡೆ. ಇದನ್ನು ಮೋಸ ಎನ್ನುವವರು ಅನ್ನಲಿ. ನಾಳೆ ಮತ್ತೆ ಅಂಥದೇ ಡಬ್ಬಿ ಮನೆಗೆ ಬಂದರೆ ಮತ್ತೆ ತಿಪ್ಪೆಗೇ ಸುರಿಯುತ್ತೇನೆ.

ನನ್ನ ತಪ್ಪು ಶುರುವಾದದ್ದು ಆಮೇಲೆ.

ಗೋಣೆಪ್ಪನ ಪುಡಿ ಎಂದು ಹೆಸರಾಯಿತು. ಕಾನಹೊಸಹಳ್ಳಿ ಕಡೆಯಿಂದ, ಕೂಡ್ಲಿಗಿ ಕಡೆಯಿಂದ ಗಂಡಸರು ಬಂದು ಕಟ್ಟೆಯ ಮೇಲೆ ಕೂತು ದನಿ ತಗ್ಗಿಸಿ ಕೇಳುವರು. ಇವನು ಕೊಟ್ಟೂರಿನ ಡೇರೆಯ ಗುರುತು ಹೇಳುವನು. ನನಗೆ ನಗು ಬರುತ್ತಿತ್ತು. ನಗುವುದಷ್ಟೇ ಅಲ್ಲ — ಬೋರಿಂಗಿನ ಹತ್ತಿರ ಹೆಂಗಸರು ನನ್ನನ್ನು ನೋಡುವ ನೋಟಕ್ಕೆ ಒಳಗೊಳಗೇ ಹಿಗ್ಗುತ್ತಿದ್ದೆ. ಆ ಗಂಡಸರು ಹೋಗಿ ನಿಜವಾದ ಪುಡಿ ತರುತ್ತಾರೆ, ಅವರಿಗೂ ಕುರಿ ನೀಲಿ ಕಾಣಬಹುದು, ಅವರ ಎದೆಯೂ ಡವಗುಟ್ಟಬಹುದು — ಈ ಯೋಚನೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಬಂತು. ಅವರ ಮನೆಯಲ್ಲೂ ಹೆಂಡತಿ ಇದ್ದಾಳಲ್ಲ, ಅವಳು ನೋಡಿಕೊಳ್ಳಲಿ ಅಂದುಕೊಂಡೆ.

ಹೋದ ವರ್ಷದ ಹಿಂದಿನ ವರ್ಷ, ಉಣ್ಣೆಯ ದಿನ, ನೀನೂ ಗಂಗಾಳೂ ಹಗರಿಬೊಮ್ಮನಹಳ್ಳಿಯಿಂದ ಬಂದಿದ್ದಿರಿ. ನಿನ್ನ ಕೈಗೂ ಒಂದು ಕುರಿ ಕೊಟ್ಟರು. ಅದು ಜಾರಿಕೊಂಡು ಓಡಿತು. ಅದಕ್ಕೇನಂತೆ? ನೀನು ದರ್ಜಿ, ಕುರುಬರ ಮನೆಯಲ್ಲಿ ಹುಟ್ಟಿದರೂ ನಿನ್ನ ಕೈ ಬೇರೆ ಕೆಲಸ ಕಲಿತಿತ್ತು. ಆದರೆ ಗಂಡಸರು ಬಿಡಲಿಲ್ಲ. “ರವಿಕಿ ಅಳತಿ ತಗಳ್ಳೋ ಕೈಲೇ, ಕುರಿ ನಿಂದರತೈತೇನು” ಅಂದರು. ಮೀಸೆ ಬೋಳಿಸಿದ್ದನ್ನು ಅಂದರು. ಒಬ್ಬಳು ಮಗಳಾದ ಮೇಲೆ ಐದು ವರ್ಷ ಇನ್ನೊಂದು ಕೂಸಿಲ್ಲ ಎಂಬುದನ್ನೂ ಅಂದರು. ನೀನು ನಕ್ಕೆ. ನಿನ್ನ ಕಿವಿ ಕೆಂಪಾದದ್ದನ್ನು ನಾನು ನೋಡಿದೆ. ಅಷ್ಟರಲ್ಲಿ ನಿನ್ನ ಮಾವ ಎದ್ದು, ಓಡಿದ ಕುರಿಯನ್ನು ಒಂದೇ ಕೈಯಲ್ಲಿ ಕೆಡವಿ, “ಪುಡಿ ತಿನ್ನೋ ಬಸ್ಯಾ, ಪುಡಿ” ಅಂದ.

ಊಟವಾದ ಮೇಲೆ ನೀನು ಅಡುಗೆಮನೆಗೆ ಬಂದೆ. ನಾನು ಒಲೆಯ ಬೂದಿ ತೆಗೆಯುತ್ತಿದ್ದೆ. ನಿನ್ನ ಮಾವ ಹೊಸ್ತಿಲ ಆಚೆ ಎಲೆಯಡಿಕೆ ಹಾಕಿಕೊಳ್ಳುತ್ತ ಕೂತಿದ್ದ. ನೀನು ಕೂತು, ಕಾಲ ಬೆರಳು ನೋಡಿಕೊಳ್ಳುತ್ತ ಕೇಳಿದೆ.

“ಅತ್ತಿ, ನೀ ಸುಳ್ಳು ಹೇಳಾಕಿ ಅಲ್ಲ. ಮಾವನ ಪುಡಿ ಖರೇನ ಕೆಲಸ ಮಾಡತೈತೇನು?”

ಹೊಸ್ತಿಲ ಆಚೆ ಅಡಕತ್ತರಿಯ ಸದ್ದು ನಿಂತಿತು.

ನಾನು ಏನೂ ಅನ್ನದೆ ಇರಬಹುದಿತ್ತು. ನಿನ್ನನ್ನು ಹಿತ್ತಲಿಗೆ ಕರೆದು ಕಿವಿಯಲ್ಲಿ ಹೇಳಬಹುದಿತ್ತು. ಯಾವುದನ್ನೂ ಮಾಡಲಿಲ್ಲ.

“ಎದುರಿಗೇ ಅದಾನಲ್ಲೋ ನಿಮ್ಮ ಮಾವ. ಕಾಣವಲ್ದೇನು?” ಅಂದೆ.

ಅಡಕತ್ತರಿ ಮತ್ತೆ ಕಟಕಟ ಅಂತು.

ನೀನು ಡಬ್ಬಿ ತಂದೆ. ಮುಗಿದರೆ ಇನ್ನೊಂದು ತಂದೆ. ಒಂದು ಚಮಚ ಅಂದದ್ದಕ್ಕೆ ಎರಡು ಹಾಕಿಕೊಂಡೆ ಎಂದು ಗಂಗಾ ಆಮೇಲೆ ಹೇಳಿದಳು. ಎಂಟು ತಿಂಗಳು. ಮೀಸೆಯನ್ನೂ ಬಿಟ್ಟಿದ್ದೆ, ನಿನಗೆ ಒಪ್ಪುತ್ತಿರಲಿಲ್ಲ. ಆಮೇಲೆ ಕಣ್ಣು ಅರಿಸಿನವಾಯಿತು, ಹೊಟ್ಟೆ ಊದಿತು. ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಮೊದಲು ಕೇಳಿದ್ದೇ ಅದು — ಏನಾದರೂ ಪುಡಿ, ಬೇರು, ನಾಟಿ ಔಷಧ ತಿನ್ನುತ್ತಾರಾ? ಗಂಗಾ ಧೈರ್ಯವಾಗಿ ಹೇಳಿದಳು.

“ತಿಂತಾರ್ರಿ. ಆದ್ರ ಅದರದಲ್ಲ ಬಿಡ್ರಿ. ನಮ್ಮಪ್ಪ ಅದನ್ನ ಹತ್ತು ವರ್ಷದಿಂದ ತಿಂತಾನ, ಗುಂಡುಕಲ್ಲಾಗ್ಯಾನ.”

ಡಾಕ್ಟರು ಆದರೂ ನಿಲ್ಲಿಸಿ ಅಂದರು, ಡಬ್ಬಿ ತೋರಿಸಿ ಅಂದರು. ಗಂಗಾ ತಲೆ ಆಡಿಸಿದಳು. ತೋರಿಸಲೂ ಇಲ್ಲ, ನಿಲ್ಲಿಸಲೂ ಇಲ್ಲ. ಶಕ್ತಿ ಬರಲಿ ಎಂದು ಎರಡು ದಿನ ಅಲ್ಲಿಯೂ ಹಾಲಿಗೆ ಹಾಕಿ ಕುಡಿಸಿದಳು. ಅಪ್ಪನ ಮೈ ಅವಳ ಕಣ್ಣೆದುರಿಗಿತ್ತು, ಅವಳು ಯಾಕೆ ಅನುಮಾನ ಪಡಬೇಕು? ಅವಳ ಮೇಲೆ ಸಿಟ್ಟಾಗಬೇಡ. ಹಾಲು ಕದಡಿದ್ದು ಅವಳು. ಲೋಟ ಹಿಡಿದು ಪಕ್ಕದಲ್ಲಿ ನಿಂತದ್ದು ನಾನು. ಎರಡೂ ದಿನ. ನೀನು ಕುಡಿದು ಲೋಟ ಕೊಟ್ಟು, ಸಾಕು ಅತ್ತಿ ಅಂದೆ — ಆ ಸಾಕು ಅತ್ತಿ —

ಮೂರನೆಯ ದಿನ ಬೆಳಿಗ್ಗೆ ಗಂಗಾ ಔಷಧಿ ತರಲು ಹೋದಾಗ ಡಬ್ಬಿ ತೆಗೆದುಕೊಂಡು ಹೋಗಿ ಬಚ್ಚಲಿಗೆ ಸುರಿದೆ. ಖಾಲಿ ಡಬ್ಬಿಯನ್ನು ಡಾಕ್ಟರ ಕೈಗೆ ಕೊಟ್ಟು ಎಲ್ಲ ಹೇಳಿದೆ. ಬೇರು ಬೊಡ್ಡೆಯೇ ಲಿವರಿಗೆ ಹೊಡೆದಿರಬಹುದು, ಇಲ್ಲವೆ ಡಬ್ಬಿಯ ಮೇಲೆ ಬರೆಯದ ಯಾವುದೋ ಮಾತ್ರೆ ಅರೆದು ಬೆರೆಸಿರಬಹುದು ಅಂದರು. ಆಮೇಲೆ, “ಎರಡು ದಿನ ಯಾಕಮ್ಮ ಸುಮ್ಮನಿದ್ರಿ?” ಅಂದರು. ಗಂಗಾಳಿಗೆ, ಡಬ್ಬಿ ಕೈ ಜಾರಿ ಬಿತ್ತು ಅಂದೆ.

ನೀನು ಬದುಕಿದೆ. ಆದರೆ ಈಗ ಮಿಷನ್ನಿನ ಮುಂದೆ ಒಂದು ತಾಸು ಕೂರಲಾರೆ. ನೀನು ಬಟ್ಟೆ ಕತ್ತರಿಸಿ ಕೊಡುತ್ತೀಯ, ಗಂಗಾ ಹೊಲಿಯುತ್ತಾಳೆ. ಅಷ್ಟೇ ಆಗಿದ್ದರೆ ನಾನು ಬಾಯಿ ಮುಚ್ಚಿಕೊಂಡೇ ಸಾಯುತ್ತಿದ್ದೆನೇನೋ. ಹೋದ ತಿಂಗಳು ಗಿರಣಿಯಲ್ಲಿ ನಡೆದದ್ದು ಬಿಡಲಿಲ್ಲ.

ನಾನು ಜೋಳ ಬೀಸಿಸಲು ಹೋಗಿದ್ದೆ. ನಿನ್ನ ಮಾವ ಗಿರಣಿಯ ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕೂತಿದ್ದ. ಯಾರೋ ನಿನ್ನ ಆರೋಗ್ಯ ಕೇಳಿದರು. ಅವನು ಮೀಸೆ ಒರೆಸಿಕೊಂಡು ಅಂದ: “ಅವಗ ಅರಗಲಿಲ್ಲ ಬಿಡ್ರಿ. ಗಂಡಸಿನ ಮದ್ದು ಗಂಡಸಿಗೇ ಅರಗಬೇಕು.”

ಅವರು ನಕ್ಕರು. ಖಾಸಿಂಸಾಬ ಗಿರಣಿ ಆರಿಸಿದ. ನನ್ನ ಜೋಳ ಅರ್ಧ ಹಿಟ್ಟಾಗಿ ಬಿದ್ದಿತ್ತು, ಅರ್ಧ ಡಬರಿಯಲ್ಲೇ ಇತ್ತು. ನನ್ನ ಮುಖ ನೋಡಿದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಮನೆಗೆ ಬಂದು ಹುರಿಯುವ ಹಂಚು, ಹುರುಳಿಯ ಚೀಲ, ಕುದುರೆಯ ಡಬ್ಬಿ — ಮೂರನ್ನೂ ತಂದು ನಿನ್ನ ಮಾವನ ಮುಂದೆ ಇಟ್ಟೆ. ಹುರಿದೆ. ಅವನು ನೋಡುತ್ತಿದ್ದ ಹಾಗೆಯೇ ಬೀಸುಕಲ್ಲಿನಲ್ಲಿ ಬೀಸಿದೆ. ಡಬ್ಬಿಗೆ ತುಂಬಿ ಮುಚ್ಚಳ ಹಾಕಿದೆ.

“ಟಗರಿಗೆ ಹಾಕೋದಾ?” ಅಂದ.

“ಹೂಂ.”

“ಯಾವಾಗಿಂದ?”

“ಕುರಿ ನೀಲಿ ಕಂಡಾಗಿಂದ.”

ಅವನ ಮೀಸೆ ಅದುರಿತು. ಅಳುತ್ತಾನೋ ಹೊಡೆಯುತ್ತಾನೋ ಗೊತ್ತಾಗಲಿಲ್ಲ. ಎರಡೂ ಮಾಡಲಿಲ್ಲ. “ಯಾರಿಗೂ ಹೇಳಬ್ಯಾಡ. ನಾ ಸಾಯೋತನ” ಅಂದ.

“ನೀ ಸಾಯೋತನ ಅವ ತಲಿ ತಗ್ಗಿಸಿ ಬದುಕಬೇಕೇನು?” ಅಂದೆ.

ಅಂದಿನಿಂದ ನನ್ನ ಜೊತೆ ಮಾತಿಲ್ಲ. ರೊಟ್ಟಿ ತಿನ್ನುತ್ತಾನೆ, ಡಬ್ಬಿ ಮುಟ್ಟುವುದಿಲ್ಲ. ಸೊರಗಿದ್ದಾನೆ. ಹುರುಳಿ ಅಂತ ಗೊತ್ತಾದ ಮೇಲೆ ಹುರುಳಿಯ ಶಕ್ತಿ ಹೋಯಿತೇನು? ಮರಿ ಬೇಡದ ದಿನಗಳಲ್ಲಿ ಟಗರಿನ ಹೊಟ್ಟೆಯ ಕೆಳಗೆ ಗೋಣಿತಟ್ಟು ಕಟ್ಟುತ್ತೇವೆ, ಹಿಂಡಿನ ಮೇಲೆ ಹಾರದ ಹಾಗೆ. ತಿಂಗಳುಗಟ್ಟಲೆ ಅದನ್ನು ಕಟ್ಟಿಕೊಂಡೇ ಮೇಯುತ್ತದೆ. ತಾನು ಟಗರು ಹೌದೋ ಅಲ್ಲವೋ ಎಂದು ಅದು ಒಂದು ದಿನ ಸಂತೆಗೆ ಹೋಗಿ ಕೇಳಿದ್ದನ್ನು ನಾನು ಕಂಡಿಲ್ಲ. ಇಷ್ಟು ಸಣ್ಣ ಮಾತು ಈ ಗಂಡಸರಿಗೆ ಯಾಕೆ ತಿಳಿಯುವುದಿಲ್ಲ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ತಿಳಿಯದ ಹಾಗೆ ಹನ್ನೊಂದು ವರ್ಷ ಡಬ್ಬಿ ತುಂಬಿದವಳೂ ನಾನೇ ಅಲ್ಲವೇ.

ಬರುವ ಮಂಗಳವಾರ ಉಣ್ಣೆಯ ದಿನ. ಅದೇ ಗಂಡಸರು ಬರುತ್ತಾರೆ. ಊಟಕ್ಕೆ ಕೂತಾಗ ಡಬ್ಬಿಯನ್ನು ನಡುವೆ ಇಟ್ಟು ಎಲ್ಲರ ಎದುರಿಗೆ ಹೇಳುತ್ತೇನೆ — ಇದು ಹುರುಳಿ, ಬಸವರಾಜ ತಿಂದದ್ದು ನಿಮ್ಮ ಕೊಟ್ಟೂರಿನ ಪುಡಿ, ಅದನ್ನು ನನ್ನ ಗಂಡ ತಿಂದಿದ್ದರೆ ಇವನೂ ಉಳಿಯುತ್ತಿರಲಿಲ್ಲ ಎಂದು. ನಿನ್ನ ಮಾವ ಎದ್ದು ಹೋಗಲಿ. ಮನೆಯಿಂದ ಹೊರಗೆ ಹಾಕಿದರೆ ಕುರಿಹಟ್ಟಿಯಲ್ಲಿ ಮಲಗುತ್ತೇನೆ, ನನಗೇನು ಹೊಸದಲ್ಲ. ನೀನು ಬರಬೇಕೆಂದಿಲ್ಲ. ಈ ಕಾಗದ ಓದಿ ಗಂಗಾಳಿಗೆ ಕೊಡು. ಅವಳು ಇನ್ನು ನನ್ನ ಹೊಸ್ತಿಲು ತುಳಿಯದಿದ್ದರೆ ತುಳಿಯದಿರಲಿ. ಕ್ಷಮಿಸು ಎಂದು ಬರೆಯುವುದಿಲ್ಲ. ಹಾಗೆ ಬರೆದರೆ ಮತ್ತೆ ನಿನ್ನಿಂದಲೇ ಏನೋ ಬೇಡಿದ ಹಾಗಾಗುತ್ತದೆ.

ಅಡುಗೆಮನೆಯಲ್ಲಿ ಕೂತು, ಕಾಲ ಬೆರಳು ನೋಡಿಕೊಳ್ಳುತ್ತ, ನೀನು ಒಂದು ಮಾತು ಕೇಳಿದ್ದೆ. ಅದಕ್ಕೆ ಉತ್ತರ ಕೊಡುವುದು ಬಾಕಿ ಇದೆ.

ಇಲ್ಲ, ಬಸವರಾಜ. ಕೆಲಸ ಮಾಡುವುದಿಲ್ಲ. ತಿನ್ನಬೇಡ.